ಪ್ರಸಂಗವಿಲ್ಲದ ಭಾನುವಾರ

ಪಾಸ್ಟರ ಹೆಂಡತಿಯ ಅಣ್ಣನಿಗೆ ಒಂದು ಅಭ್ಯಾಸವಿತ್ತು. ಏನಾದರೂ ಕೆಲಸ ಆಗಬೇಕಾಗಿದ್ದರೆ ಪಾಸ್ಟರನ್ನು ‘ಭಾವ’ ಎನ್ನುತ್ತಿದ್ದ. ಜೋರು ಮಾಡಬೇಕಾಗಿದ್ದರೆ ‘ಪಾಸ್ಟ್ರೇ’ ಎನ್ನುತ್ತಿದ್ದ. ಆ ಶುಕ್ರವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ “ಭಾವ, ಇದ್ದೀರಾ?” ಎಂದ. ಒಳಗೆ ಬಟ್ಟೆ ಮಡಚುತ್ತಿದ್ದ ತಂಗಿ ಗಂಡನ ಕಡೆ ತಿರುಗಿ, “ಏನೋ ಗಂಟು ಹೊತ್ಕೊಂಡು ಬಂದಿದ್ದಾನೆ, ಹುಷಾರು” ಎಂದಳು.

ಟೈಲ್ಸ್ ಅಂಗಡಿಯ ಮಾಲೀಕನಾದ ಅವನೇ ಚರ್ಚಿನ ಸಭೆಯ ಹಿರಿಯರ ಸಮಿತಿಗೂ ಅಧ್ಯಕ್ಷ. ಪಾಸ್ಟರನ್ನು ನೇಮಿಸುವುದು, ತೆಗೆಯುವುದು ಆ ಸಮಿತಿಯ ಕೈಯಲ್ಲಿತ್ತು. ಅವರು ಕೂತು ಮಾತಾಡುತ್ತಿದ್ದ ಆ ಮನೆಯೂ ಸಮಿತಿಯದೇ.

“ನಮ್ಮ ಆರಾಧನೆ ಈಗ ಫೋನಲ್ಲಿ ನೇರ ಬರ್ತಿದೆಯಲ್ಲ ಭಾವ,” ಎಂದು ಅವನು ಶುರುಮಾಡಿದ. “ಎಲ್ಲೆಲ್ಲೋ ಕೂತು ನೋಡ್ತಾರೆ. ಹಾಡು ಬಂದಾಗ ನೋಡ್ತಾರೆ. ನಿಮ್ಮ ಪ್ರಸಂಗ ಬಂದಾಗಲೂ ಪಾಪ, ತಡ್ಕೋತಾರೆ. ಆಮೇಲೆ ನಾವೆಲ್ಲ ಬಾಯಿ ಮುಚ್ಕೊಂಡು ಕೂತ್ಕೋತೀವಲ್ಲ, ಅಲ್ಲಿಗೆ ಎದ್ದು ಹೋಗ್ತಾರೆ. ನೆಟ್ ಕೈಕೊಡ್ತು ಅನ್ಕೋತಾರೆ.”

“ಅನ್ಕೊಳ್ಳಲಿ ಬಿಡಿ.”

“ಬಿಡೋಕಾಗಲ್ಲ. ಸಮಿತಿ ತೀರ್ಮಾನ ಮಾಡಿಯಾಗಿದೆ. ಪ್ರಸಂಗ ಮುಗಿದ ತಕ್ಷಣ ಕೀಬೋರ್ಡು, ಒಂದು ಹಾಡು, ಆಶೀರ್ವಾದ, ಮನೆಗೆ. ಒಂದು ಗಂಟೆಯೊಳಗೆ ಎಲ್ಲಾ ಮುಗೀಬೇಕು.”

ಅವನು ಹಾಗೆ ಸಲೀಸಾಗಿ ಕತ್ತರಿಸಿ ಎಸೆದದ್ದು ಆ ಸಭೆಯ ಹಳೆಯ ಪದ್ಧತಿ. ಪಾಸ್ಟರ ಬೋಧನೆಯ ಪ್ರಸಂಗ ಆದ ಮೇಲೆ ಅಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ವಾದ್ಯವಿಲ್ಲ, ಹಾಡಿಲ್ಲ. ಯಾರ ಎದೆಯಲ್ಲಿ ಬೈಬಲ್ಲಿನ ಒಂದು ವಾಕ್ಯ ತಾನಾಗಿ ಎದ್ದು ಬರುತ್ತದೋ ಅವರು ಎದ್ದು ನಿಲ್ಲಬೇಕು. ಒಬ್ಬರು ಎದ್ದರೆಂದರೆ ಉಳಿದವರೆಲ್ಲ ತಲೆ ಬಾಗಿಸಬೇಕು. ಪುಸ್ತಕ ನೋಡಿ ಓದುವ ಹಾಗಿಲ್ಲ, ಬಾಯಿಪಾಠವೇ ಆಗಬೇಕು. ಆ ವಾಕ್ಯಕ್ಕೆ ಎಲ್ಲರೂ ‘ಆಮೆನ್’ ಎಂದ ಮೇಲೆಯೇ ಆಶೀರ್ವಾದ. ಪಾಸ್ಟರು ಮಾತ್ರ ಆ ಹೊತ್ತಿನಲ್ಲಿ ಬಾಯಿ ಬಿಡುವಂತಿರಲಿಲ್ಲ. ಅವರ ಪಾಲಿನ ಮಾತು ಮುಗಿದಿರುತ್ತಿತ್ತಲ್ಲ. ಯಾರೂ ಏಳದಿದ್ದರೆ ಆರಾಧನೆಯೇ ಮುಗಿಯುತ್ತಿರಲಿಲ್ಲ. ಕೆಲವು ಭಾನುವಾರ ಪಾಸ್ಟರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಯಾರಾದರೂ ಎದ್ದುಬಿಡುತ್ತಿದ್ದರು. ಕೆಲವು ಭಾನುವಾರ ತಾಯಂದಿರ ಮಡಿಲಲ್ಲಿ ಮಕ್ಕಳು ನಿದ್ದೆಹೋಗಿ, ಎದ್ದು, ಮತ್ತೆ ನಿದ್ದೆಹೋಗುತ್ತಿದ್ದವು.

ಹೊಸದಾಗಿ ಬಂದಾಗ ಪಾಸ್ಟರಿಗೂ ಅದು ಹಿಂಸೆಯಾಗಿತ್ತು. ಇಷ್ಟೂ ಜನ ಕೂತು ನನ್ನ ಪ್ರಸಂಗವನ್ನು ತಕ್ಕಡಿಗೆ ಹಾಕುತ್ತಿದ್ದಾರೆ ಎನಿಸುತ್ತಿತ್ತು. ಒಂದು ಭಾನುವಾರ ಅವರು ಕ್ಷಮೆಯ ಬಗ್ಗೆ ಬಹಳ ಚೆನ್ನಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ಮಾತಾಡಿದ್ದರು. ಆಮೇಲಿನ ಮೌನದಲ್ಲಿ ಒಬ್ಬ ಬಸ್ ಡ್ರೈವರ್ ಎದ್ದ. ಸ್ವಂತ ತಮ್ಮನ ಜೊತೆ ಮಾತು ಬಿಟ್ಟವನು. ಅರ್ಧ ವಾಕ್ಯ ಹೇಳಿದ, ಉಳಿದರ್ಧ ಗಂಟಲಲ್ಲೇ ನಿಂತಿತು, ಕೂತುಬಿಟ್ಟ. ಸಭೆ ಆ ಅರ್ಧಕ್ಕೇ ಆಮೆನ್ ಎಂದಿತು. ಹೊರಗೆ ಹೋದವನು ಚಪ್ಪಲಿ ಹಾಕಿಕೊಳ್ಳುವ ಮೊದಲೇ ತಮ್ಮನಿಗೆ ಫೋನು ಹಚ್ಚಿದ. ಪಾಸ್ಟರ ಪ್ರಸಂಗ ಆಮೇಲೆ ಯಾರಿಗೂ ನೆನಪಿರಲಿಲ್ಲ, ಪಾಸ್ಟರಿಗೂ ಕೂಡ. ಅಂದಿನಿಂದ ಅವರಿಗೆ ತಮ್ಮ ಕೆಲಸದ ಅಳತೆ ತಿಳಿಯಿತು. ದೇವರ ಬಾಗಿಲವರೆಗೆ ಜನರ ಜೊತೆಯಲ್ಲಿ ನಡೆಯಬೇಕು, ಬಾಗಿಲು ಬಂದಾಗ ಪಕ್ಕಕ್ಕೆ ಸರಿಯಬೇಕು. ಪಕ್ಕಕ್ಕೆ ಸರಿಯಲು ಬಾರದವನು ಮುಂದೆ ನಿಲ್ಲಲೂಬಾರದು ಎಂದು ಅವರಿಗೆ ಮನವರಿಕೆಯಾಗಿತ್ತು.

“ಸಮಯ ಉಳಿಸಬೇಕು ಅಂದ್ರೆ ನನ್ನ ಪ್ರಸಂಗ ಕತ್ತರಿಸಿ ಭಾವ,” ಎಂದರು ಪಾಸ್ಟರು ಈಗ.

“ತಮಾಷೆ ಸಾಕು ಪಾಸ್ಟ್ರೇ.”

ತಂಗಿ ಬಟ್ಟೆಯಿಂದ ತಲೆ ಎತ್ತಿದಳು. ಕರೆಯುವ ರೀತಿ ಬದಲಾಗಿತ್ತು.

“ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಭಾನುವಾರ ಆರಾಧನೆ ಆದ್ಮೇಲೆ ಸಮಿತಿ ಸೇರುತ್ತೆ. ಬೇರೆಯವರನ್ನ ನೋಡ್ಕೋತೀವಿ. ಮನೆನೂ...” ಎಂದು ಅವನು ತಂಗಿಯ ಕಡೆ ನೋಡಿ ನಿಲ್ಲಿಸಿದ.

“ನನ್ನ ಮುಖದಲ್ಲೇನಿದೆ? ಅವರಿಗೆ ಹೇಳೋದನ್ನ ಅವರಿಗೇ ಹೇಳು,” ಎಂದಳು ಅವಳು.

ಮರುದಿನ ಪಾಸ್ಟರು ಪ್ರಸಂಗ ಬರೆಯಲು ಕೂತರು. ಬರೆದರು, ಹೊಡೆದುಹಾಕಿದರು. ಸಾಲುಗಳೆಲ್ಲ ಹೆಂಡತಿಯ ಅಣ್ಣನ ಮೇಲೇ ಹೋಗಿ ಬೀಳುತ್ತಿದ್ದವು. ಸಿಟ್ಟಿನಲ್ಲಿ ಬರೆದದ್ದನ್ನು ಎಲ್ಲರ ಮುಂದೆ ಓದಿ, ಇದು ದೇವರ ಮಾತು ಎನ್ನುವುದು ಸುಲಭ. ಎಷ್ಟೋ ಜನ ಹಾಗೆ ಮಾಡಿದ್ದನ್ನು ಅವರು ಕಂಡಿದ್ದರು. ನಾನು ಹಾಗೆ ಮಾಡಲಾರೆ ಎಂದು ಪೆನ್ನು ಮುಚ್ಚಿ ಅಡುಗೆಮನೆಗೆ ಹೋದರು.

“ಮನೆ ಬಿಡಬೇಕಾಗಬಹುದು,” ಎಂದರು ಹೆಂಡತಿಗೆ.

“ನಲ್ಲಿ ಸೋರ್ತಿದೆ ಅಂತ ಸಮಿತಿಗೆ ಎಷ್ಟು ಸಲ ಹೇಳಿದೀನೋ, ಲೆಕ್ಕ ಇಲ್ಲ. ಈ ಮನೆಗಾಗಿ ನಾನಂತೂ ಅಳಲ್ಲ.” ಅವಳು ಪಾತ್ರೆ ತಿರುವಿಹಾಕಿ ಕೈ ಒರೆಸಿಕೊಂಡಳು. “ಆದ್ರೆ ಒಂದು ಕೇಳ್ತೀನಿ. ನಂಬಿಕೆಗೆ ಮಾಡ್ತಿದ್ದೀರಾ, ಹಟಕ್ಕಾ?”

ಪಾಸ್ಟರು ಯೋಚಿಸಿದರು. “ಎರಡೂ ಬೆರೆತುಹೋಗಿದೆ ಕಣೇ. ಬಿಡಿಸೋಕೆ ನೋಡಿದೆ, ಬರ್ತಿಲ್ಲ.”

“ಹಾಗಾದ್ರೆ ಸರಿ. ಬರೀ ನಂಬಿಕೆಗೆ ಅಂದಿದ್ರೆ ನಾನು ನಂಬ್ತಿರಲಿಲ್ಲ.”

ಭಾನುವಾರ ಸಭೆ ತುಂಬಿತ್ತು. ಹಾಡುಗಳಾದವು, ಪ್ರಾರ್ಥನೆಯಾಯಿತು. ನೇರ ಪ್ರಸಾರಕ್ಕೆ ಬಂದಿದ್ದ ಸ್ಟುಡಿಯೋದವನು ಕ್ಯಾಮೆರಾವನ್ನು ಪೀಠದ ಕಡೆ ತಿರುಗಿಸಿದ. ಪಾಸ್ಟರು ಮೇಲೆ ಹತ್ತಿ ನಿಂತರು. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

“ಆರಾಧನೆ ಒಂದು ಗಂಟೆಯೊಳಗೆ ಮುಗೀಬೇಕು ಅಂತ ಹಿರಿಯರು ಕೇಳಿದ್ದಾರೆ,” ಎಂದರು. “ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೇ ಇವತ್ತು ಪ್ರಸಂಗ ಇಲ್ಲ.”

ಅಷ್ಟೇ. ಇಳಿದು ಬಂದು ಮೊದಲ ಬೆಂಚಿನ ತುದಿಯಲ್ಲಿ ಕೂತರು. ಮೌನ ಶುರುವಾಯಿತು.

ಅಧ್ಯಕ್ಷನ ಕಿವಿ ಕೆಂಪಗಾದದ್ದು ಹಿಂದಿನ ಸಾಲಿನವರಿಗೂ ಕಂಡಿತು. ಅವನು ಭಾನುವಾರಗಳಲ್ಲಿ ಕೀಬೋರ್ಡು ನುಡಿಸುತ್ತಿದ್ದ ದರ್ಜಿಗೆ ಕಣ್ಸನ್ನೆ ಮಾಡಿದ. ದರ್ಜಿ ಬೆರಳುಗಳನ್ನು ಕೀಗಳ ಮೇಲಿಟ್ಟ. ಪಾಸ್ಟರು ಅವನನ್ನೇ ನೋಡುತ್ತಿದ್ದರು, ಬೈಯುವ ನೋಟವಲ್ಲ, ಬರೀ ನೋಟ. ದರ್ಜಿ ಬೆರಳುಗಳನ್ನು ಎತ್ತಿ, ಬೇರೆ ಯಾರದೋ ವಸ್ತುವನ್ನು ಮುಟ್ಟಿದವನ ಹಾಗೆ ಮಡಿಲಲ್ಲಿಟ್ಟುಕೊಂಡ.

ಯಾರೂ ಏಳಲಿಲ್ಲ. ಸಮಿತಿಯ ತೀರ್ಮಾನದ ಸುದ್ದಿ ಮನೆಮನೆಗೂ ಮುಟ್ಟಿತ್ತು. ಇವತ್ತು ಎದ್ದು ವಾಕ್ಯ ಹೇಳುವುದೆಂದರೆ ಪಾಸ್ಟರ ಪಕ್ಕ ಹೋಗಿ ನಿಂತ ಹಾಗೆ. ಫ್ಯಾನು ತಿರುಗಿತು. ಯಾರೋ ಕೆಮ್ಮಿ, ಕೆಮ್ಮಿದ್ದಕ್ಕೇ ನಾಚಿದರು. ಒಂದು ಬೆಂಚು ನರಳಿತು. ಪಾಸ್ಟರಿಗೆ ಭಯವಾಗದೆ ಇರಲಿಲ್ಲ. ಯಾರೂ ಏಳದೆ ಹೋದರೆ? ಹೋಗಲಿ. ದೇವರ ಮುಂದೆ ಸುಮ್ಮನೆ ಕೂರಲು ಹೆದರುವ ಸಭೆ, ಕೀಬೋರ್ಡು ಬಾರಿಸಿಕೊಂಡು ಎಷ್ಟು ದೂರ ಹೋದೀತು?

ಕೊನೆಗೆ ಅಧ್ಯಕ್ಷನೇ ತಡೆಯಲಾರದೆ ಎದ್ದ. ಆರಾಧನೆ ಮುಗಿಯಿತು, ಎಲ್ಲರೂ ಹೊರಡಿ ಎಂದು ಘೋಷಿಸುವುದಕ್ಕೆ ಎದ್ದದ್ದು. ಆದರೆ ಸಿಟ್ಟಿನ ಭರದಲ್ಲಿ ಒಂದನ್ನು ಮರೆತಿದ್ದ. ಆ ಮೌನದಲ್ಲಿ ಎದ್ದವನು ಯಾರೇ ಆಗಿರಲಿ, ಅವನಿಗೆ ಸಭೆ ತಲೆ ಬಾಗಿಸುತ್ತದೆ. ಸಾಲು ಸಾಲಾಗಿ ತಲೆಗಳು ಬಾಗಿದವು. ಸಮಿತಿಯವರ ತಲೆಗಳೂ ಬಾಗಿದವು. ಹುಟ್ಟಿದಂದಿನಿಂದ ಬಂದ ರೂಢಿ, ಕುತ್ತಿಗೆಗೆ ರಾಜಕೀಯ ಗೊತ್ತಿರಲಿಲ್ಲ.

ಅವನು ಬಾಯಿ ತೆರೆದ, ಮುಚ್ಚಿದ. ನೋಡುವವರಿದ್ದರೆ ಕೂಗಾಡಬಹುದಿತ್ತು. ಇಷ್ಟೂ ನೆತ್ತಿಗಳ ಮುಂದೆ ಏನು ಕೂಗುವುದು? ಕೂರೋಣವೆಂದರೆ ಕ್ಯಾಮೆರಾ. ಪಾಸ್ಟರು ಪದ್ಧತಿ ಮುರಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಆಶೀರ್ವಾದ ಹೇಳಿ ಅವನ ಮಾನ ಕಾಪಾಡಬಹುದಿತ್ತು. ಅವರೊಳಗೆ ಒಂದು ದಯೆ ಮಿಸುಕಾಡಿತು ಕೂಡ. ಅವರು ಅದನ್ನು ಅಲ್ಲೇ ಕೂರಿಸಿ, ತಾವೂ ತಲೆ ಬಾಗಿಸಿದರು.

ಬಹಳ ಹೊತ್ತಿನ ಮೇಲೆ ಅವನ ದನಿ ಬಂತು. ಅಂಗಡಿಯ ದನಿಯಲ್ಲ. ಚಿಕ್ಕವನಿದ್ದಾಗ ತಾಯಿ ಸ್ನಾನ ಮಾಡಿಸುತ್ತಾ ಹೇಳಿಕೊಟ್ಟಿದ್ದ ವಾಕ್ಯ, ಅದೇ ಏರಿಳಿತದಲ್ಲಿ, ಉಸಿರು ತೆಗೆದುಕೊಳ್ಳುವ ಜಾಗವೂ ಅದೇ. ಹೆಂಗಸರ ಸಾಲಿನಲ್ಲಿ ತಂಗಿಯ ತುಟಿಗಳು ಅವನ ಜೊತೆಜೊತೆಗೇ ಆಡಿದವು.

“ಆಮೆನ್,” ಎಂದಿತು ಸಭೆ.

ಇನ್ನು ಇವನು ಕರಗಿದ ಎಂದುಕೊಂಡು ಪಾಸ್ಟರು ಆಶೀರ್ವಾದ ಹೇಳಿದರು. ಅದು ಅವರ ತಪ್ಪು ಎಣಿಕೆ.

ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದುಕೊಂಡು ಸಮಿತಿ ಕೂತಿತು. ಪಾಸ್ಟರಮ್ಮ ಬಾಗಿಲ ಬಳಿ ನಿಂತಳು. ಹೊರಗೆ ಹೋಗು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

“ಎಲ್ಲರ ಮುಂದೆ ನನ್ನನ್ನ ಸಿಕ್ಕಿಹಾಕಿಸಿದ್ರಿ ಪಾಸ್ಟ್ರೇ,” ಎಂದ ಅಧ್ಯಕ್ಷ.

“ನಾನೇನು ಮಾಡಿದೆ? ನೀವೇ ಎದ್ದಿರಿ, ನೀವೇ ಹೇಳಿದಿರಿ. ಚೆನ್ನಾಗಿಯೂ ಹೇಳಿದಿರಿ.”

“ಅದೆಲ್ಲ ಬೇಡ. ಮುಂದಿನ ವಾರ ಏನು ಮಾಡ್ತೀರಿ?”

“ಇದನ್ನೇ.”

ಸಮಿತಿಯಲ್ಲಿದ್ದ ನಿವೃತ್ತ ನರ್ಸಮ್ಮ ಮೆಲ್ಲಗೆ, “ಸ್ವಲ್ಪ ಬಗ್ಗಿದ್ರೆ ಏನಾಗುತ್ತೆ ಅಯ್ಯನವರೇ? ಒಂದು ಗಳಿಗೆ ಮೌನ ಇಟ್ಟು ಹಾಡು ಶುರುಮಾಡಿದ್ರಾಯ್ತು,” ಎಂದರು.

“ಪ್ರಸಂಗ ನನ್ನದಮ್ಮ, ಅದನ್ನ ಬಿಡು ಅಂದ್ರೆ ಬಿಡ್ತೀನಿ. ಆ ಮೌನ ನನ್ನದಲ್ಲ. ನನ್ನದಲ್ಲದ್ದನ್ನ ಎತ್ತಿ ನಿಮಗೆ ಹೇಗೆ ಕೊಡಲಿ?”

ಅಧ್ಯಕ್ಷ ಮತಕ್ಕೆ ಹಾಕಿ ಕೈ ಎತ್ತಿಸಿದ. ನರ್ಸಮ್ಮನ ಕೈ ಮಡಿಲಲ್ಲೇ ಉಳಿಯಿತು. ಉಳಿದವರ ಕೈಗಳು ಒಂದನ್ನೊಂದು ನೋಡಿಕೊಂಡು ಮೇಲೆ ಹೋದವು. ತಿಂಗಳ ಕೊನೆಗೆ ಪಾಸ್ಟರು ಹುದ್ದೆ ಬಿಡಬೇಕು, ಮನೆಯನ್ನೂ ಬಿಡಬೇಕು ಎಂದಾಯಿತು.

“ಅಣ್ಣ, ನಿನ್ನ ಅಂಗಡಿ ಟೆಂಪೋ ಆವತ್ತು ಬಿಡುವಿರುತ್ತಾ?” ಎಂದು ತಂಗಿ ಬಾಗಿಲಿಂದಲೇ ಕೇಳಿದಳು.

“ಟೆಂಪೋ ಯಾಕೆ?”

“ಸಾಮಾನು ಸಾಗಿಸೋಕೆ. ಬೀರು ಭಾರ ಇದೆ. ಟೈಲ್ಸ್ ಹೊರೋ ಆಳುಗಳನ್ನೂ ಕಳಿಸು.”

“ನಾನು ನಿನ್ನನ್ನ ಹೋಗು ಅಂದ್ನಾ?”

“ಇಲ್ಲ, ನನ್ನ ಗಂಡನ್ನ ಅಂದೆ. ನಾನು ಸಾಮಾನಿನ ಜೊತೆ ಹೋಗ್ತೀನಿ.”

ಅಧ್ಯಕ್ಷ ತನ್ನ ಅಂಗೈಯನ್ನೇ ನೋಡುತ್ತಾ ಕೂತ. ಪಾಸ್ಟರು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದರು.

“ತಿಂಗಳ ಕೊನೆ ಅಂದಿರಲ್ಲ,” ಎಂದರು. “ಅಲ್ಲಿವರೆಗಿನ ಭಾನುವಾರಗಳೆಲ್ಲ ನನ್ನವು. ಒಂದರಲ್ಲೂ ಪ್ರಸಂಗ ಇರಲ್ಲ. ಯಾರಾದರೂ ಏಳೋವರೆಗೆ ಕೂರ್ತೀವಿ.”

ಅಂಗಳದಲ್ಲಿ ಜನ ಚದುರದೆ ನಿಂತಿದ್ದರು. ಸ್ಟುಡಿಯೋದವನು ವೈರು ಸುತ್ತುತ್ತಾ, ಮುಂದಿನ ವಾರ ತಾನು ಬರುವುದೋ ಬೇಡವೋ ಎಂದು ಕೇಳಿದ.

“ಬನ್ನಿ, ತಪ್ಪಿಸಬೇಡಿ,” ಎಂದರು ಪಾಸ್ಟರು. “ಬರುವಾಗ ದೊಡ್ಡ ಬ್ಯಾಟರಿ ತನ್ನಿ.”