ಪೊಳ್ಳು ಕಂಬ

ತಳಕಲ್ ಊರಿನ, ಕಲ್ಲುಗೋಡೆ ಕಟ್ಟುವ ಗೌಂಡಿ ಶಫೀಸಾಬ ಕೊಪ್ಪಳದಲ್ಲಿದ್ದ ಮಗಳು ನಾಹೀದಾಳ ಹೊಸ ಅಪಾರ್ಟ್‌ಮೆಂಟಿಗೆ ಬಂದ. ಕೆಳಗೆ ಗೋಡೆಯೇ ಇಲ್ಲ, ಬರೀ ಕಾರುಗಳು. ಐದೂ ಅಂತಸ್ತುಗಳು ಕಂಬಗಳ ಮೇಲೆ ನಿಂತಿದ್ದವು. ಕಲ್ಲನ್ನು ಬಡಿದು ನೋಡಿಯೇ ನಂಬುವ ಮನುಷ್ಯ, ಬಾಗಿಲ ಬಳಿಯ ದಪ್ಪ ಕಂಬವನ್ನು ಬಡಿದ. ಅದು ಖಾಲಿ ಕೊಡದಂತೆ ಸದ್ದು ಮಾಡಿತು. ಕಟ್ಟಡ ಬೀಳದಂತೆ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಕೂಗಿದ.

“ನಾಹೀದಾ, ಕೂಸಿನ್ನ ಎತ್ಕೊಂಡು ಇಳಿ ಬೇಟಿ. ಮೆಟ್ಲ ಮ್ಯಾಲ ಭಾರ ಹಾಕಬ್ಯಾಡ.”

ನಾಹೀದಾ ಕೂಸಿನೊಂದಿಗೆ ಓಡಿ ಬಂದಳು. ಕಟ್ಟಡದ ಎಂಜಿನಿಯರ್ ಪ್ರಭುರಾಜನೂ ಬಂದು ನಕ್ಕ. “ಬಿಡ್ರಿ ಚಾಚಾ, ಅದು ಶೋಕಿಗೆ ನಿಲ್ಸಿದ ಕಂಬ. ಭಾರ ಹೊರೂದಿಲ್ಲ.”

ಶಫೀಸಾಬ ಕೈ ಬಿಡಲಿಲ್ಲ. “ಹಂಗಾರ ಹೊರೂವು ಯಾವು, ತೋರ್ಸ್ರಿ. ಅಲ್ಲೀತನಾ ಕೂಸು ಮ್ಯಾಲ ಹೋಗೂದಿಲ್ಲ.”

ಪ್ರಭುರಾಜ ನಗು ನಿಲ್ಲಿಸಿ, ಯಾವುದನ್ನು ತೋರಿಸಲಿ ಎಂದು ಸುತ್ತ ನೋಡಿದ.