ಒಂದು ತೂಬಿಗೆ ಇಬ್ಬರು ಗ್ಯಾಂಗ್‌ಮನ್

ನನ್ನ ಬಾಯಿ ಜೋರು ಎಂದು ಸಿಂಧನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತವಳು ಮೆತ್ತಗೆ ಮಾತಾಡಿದರೆ ಆರು ತಾಸಿನ ವಿಡಿಯೊದಲ್ಲಿ ಐದೂವರೆ ತಾಸು ಬರೀ ಬೀಗರ ಬೆನ್ನೇ ಬರುತ್ತದೆ. ಹನ್ನೊಂದು ವರ್ಷದಿಂದ ಮದುವೆ ವಿಡಿಯೊ ತೆಗೆದು, ಕತ್ತರಿಸಿ, ಹಾಡು ಸೇರಿಸಿ ಮಿಕ್ಸಿಂಗ್ ಮಾಡಿ ಕೊಡುವ ಶಿವಕುಮಾರಿ ನಾನು. ಈ ಬಾಯಿಯಿಂದಲೇ ಹೊಟ್ಟೆ ತುಂಬಿದೆ.

ಆ ಶುಕ್ರವಾರ ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆಯಲು ಬಂದರೆ ಮೆಟ್ಟಿಲ ಮೇಲೆ ಆರ್ಜೂ ಕೂತಿದ್ದಳು. ಎರಡು ವಾರದ ಹಿಂದೆ ಅವಳ ಮದುವೆಗೆ ನಾನೇ ವಿಡಿಯೊ ತೆಗೆದಿದ್ದೆ. ಪಕ್ಕದಲ್ಲಿ ಗುಲಾಬಿ ಬಣ್ಣದ ದೊಡ್ಡ ಸೂಟ್‌ಕೇಸ್, ಅದರ ಪಕ್ಕ ಅವಳ ಅಪ್ಪ ಜಿಲಾನಿಸಾಬ್. ಕಾಲುವೆ ಮೇಲೆ ಮೂವತ್ತು ವರ್ಷ ತೂಬಿನ ಗೇಟು ಎತ್ತಿ ಇಳಿಸಿ ನಿವೃತ್ತನಾದ ಗ್ಯಾಂಗ್‌ಮನ್ ಆತ. ಇಬ್ಬರ ಮುಖವೂ ಬಾಡಿತ್ತು.

"ಏನ್ ಕಾಕಾ, ಮಗಳನ್ನ ನನ್ನ ಸ್ಟುಡಿಯೋಕ್ಕ ಕಳಸಾಕ ಬಂದೀರೇನು?" ಎಂದು ನಗಲು ಹೋದೆ.

"ನಗಬ್ಯಾಡ ತಂಗಿ," ಎಂದ ಜಿಲಾನಿಸಾಬ್. "ಹುಡುಗಿ ಮನ್ಯಾಗ ಉಳದಾಳ."

ಆದದ್ದು ಇಷ್ಟು. ಮದುವೆಯಾದ ಮೊದಲ ಶುಕ್ರವಾರ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಊಟಕ್ಕೆ ಬಂದು, ಊಟ ಮುಗಿಸಿ ಸೊಸೆಯನ್ನು ಕರೆದುಕೊಂಡು ಹೋಗುವ ಪದ್ಧತಿ. ಬಿರಿಯಾನಿ ಬೆಂದಿತ್ತು, ಆದರೆ ಲಿಂಗಸುಗೂರಿನಿಂದ ಒಬ್ಬರೂ ಬರಲಿಲ್ಲ. ಅಳಿಯ ಸಮೀಉಲ್ಲಾನನ್ನು ಚಿಕ್ಕಂದಿನಿಂದ ಸಾಕಿದವನು ಅವನ ದೊಡ್ಡಪ್ಪ ಉಸ್ಮಾನ್‌ಸಾಬ್. ಆತ ಮುಖ ಊದಿಸಿಕೊಂಡು ಕೂತಿದ್ದ. ಮದುವೆಯಲ್ಲಿ ಹಿರಿಯರಿಗೆಲ್ಲ ಹಾರ ಹಾಕಿ ತನಗೊಬ್ಬನಿಗೆ ಹಾಕಲಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆದರು ಎಂಬುದು ಆತನ ದೂರು.

"ಇದ ಕೈಲೆ ಹಾಕೀನಿ!" ಎಂದು ಜಿಲಾನಿಸಾಬ್ ಎರಡೂ ಕೈ ಎತ್ತಿ ತೋರಿಸಿದ. "ಬಗ್ಗಿದ, ಹಾಕಿದೆ. ಈಗ ಹಾಕಿಲ್ಲ ಅಂತಾನ. ಇವತ್ತ ಹೊತ್ತು ಮುಳುಗೂದ್ರಾಗ ವಿಡಿಯೋ ತೋರಿಸಿದ್ರ ತಾನ ಬಂದು ಕರಕೊಂಡು ಹೋಗ್ತಾನಂತ. ಇಲ್ಲಂದ್ರ ಮಾತ ಮುಗೀತಂತ."

"ಮೊಬೈಲಿನ್ಯಾಗ ಯಾರೂ ತಗದಿಲ್ಲೇನು?"

"ಎಲ್ಲಾರೂ ಆವಾಗ ಬಿರಿಯಾನಿ ಫೋಟೋ ತಗ್ಯಾಕತ್ತಿದ್ರು ಅಕ್ಕಾ," ಎಂದಳು ಆರ್ಜೂ. "ನಾ ಈ ಪೆಟ್ಟಿಗಿ ಮೂರ ಸಲ ಕಟ್ಟಿ ಮೂರ ಸಲ ಬಿಚ್ಚೀನಿ. ನಾಕನೇ ಸಲ ತವರಮನ್ಯಾಗ ಬಿಚ್ಚಂಗಿಲ್ಲ, ಹೇಳೀನಿ ನೋಡ್ರಿ." ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಗಂಡನದು. ಪಾಪ, ಅವನು ಅರ್ಧ ತಾಸಿಗೊಮ್ಮೆ ಮಾಡುತ್ತಿದ್ದ.

ವಿಡಿಯೊ ಇತ್ತು, ನನ್ನ ಕಂಪ್ಯೂಟರಿನೊಳಗೆ ಇತ್ತು. ಆದರೆ ಮಂಗಳವಾರದಿಂದ ಆ ಕಂಪ್ಯೂಟರು ಹತ್ತು ನಿಮಿಷದ ಮೇಲೆ ಬದುಕುತ್ತಿರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಮುಕ್ಕುಂದದ ಇನ್ನೊಂದು ಮದುವೆಗೆ ಬಳಸಿಬಿಟ್ಟಿದ್ದೆ. ಡಿಸ್ಕ್ ಬಿಚ್ಚಿ ಕೊಡಬೇಕಾದ ಮೆಕ್ಯಾನಿಕ್ ಸೋಮವಾರದ ತನಕ ಊರಲ್ಲಿರಲಿಲ್ಲ.

ಆ ಕಂಪ್ಯೂಟರಿನ ಕಥೆ ಹೇಳಬೇಕು. ರಾಯಚೂರಿನಲ್ಲಿ ಗೇಮ್ ಆಡುವ ಹುಡುಗನೊಬ್ಬ ಹಳೆಯದೆಂದು ಮಾರಿದ್ದು. ಒಂದು ಮಗ್ಗುಲು ಗಾಜು. ಒಳಗೆ ಆರು ಫ್ಯಾನು, ಆರಕ್ಕೂ ದೀಪ. ನಡುವೆ ಎರಡು ಕಪ್ಪು ಪೈಪಿನಲ್ಲಿ ನೀರಿನಂಥದ್ದೊಂದು ಸುತ್ತುತ್ತಿರುತ್ತದೆ, ಪುಟ್ಟ ಪಂಪು ಅದನ್ನು ತಳ್ಳುತ್ತದೆ, ಅದರಿಂದ ಯಂತ್ರದ ತಲೆ ತಂಪಾಗುತ್ತದೆ. ದೀಪ ಮಾತ್ರ ಕೆಂಪು. ಬಂದ ಗಿರಾಕಿಗಳೆಲ್ಲ "ಅಕ್ಕಾ, ಒಳಗ ಬೆಂಕಿ ಹತ್ತೇತೇನು?" ಎಂದು ಕೇಳಿ ಕೇಳಿ ತಲೆ ತಿಂದರು. ಮದುವೆ ಕೆಲಸದ ಜಾಗ, ಅರಿಶಿನ ಬಣ್ಣವಿದ್ದರೆ ಚಂದ ಎಂದು ನನಗೆ ಹೊಳೆಯಿತು. ದೀಪದ ಬಣ್ಣ ಬದಲಿಸುವ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ. ಅದರಲ್ಲಿ ಅರಿಶಿನ ಸಿಗಲಿಲ್ಲ. ಇನ್ನೊಂದನ್ನು ಇಳಿಸಿಕೊಂಡೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಅವರ ಮುಂದೆಯೇ ಬಟನ್ ಒತ್ತಿದೆ. ದೀಪ ಕೆಂಪಾಯಿತು, ಹಳದಿಯಾಯಿತು, ಮತ್ತೆ ಕೆಂಪು. ಆರೂ ಫ್ಯಾನುಗಳು ಅಕ್ಕಿ ಗಿರಣಿ ಹಾಗೆ ಕಿರುಚಿದವು. ಪರದೆಯ ಮೂಲೆಯಲ್ಲಿ ಶಾಖದ ಅಂಕಿ ಏರತೊಡಗಿತು. ಅದನ್ನು ಓದುವ ಕೆಲಸವನ್ನು ಆರ್ಜೂ ತಾನೇ ವಹಿಸಿಕೊಂಡಳು.

"ಎಪ್ಪತ್ಮೂರು ಅಕ್ಕಾ. ಎಂಬತ್ತೊಂದು. ತೊಂಬತ್ತು! ತೊಂಬತ್ತೆಂಟು! ಯಾ ಅಲ್ಲಾ, ನೂರು!"

ಕಂಪ್ಯೂಟರು ಠಪ್ ಎಂದು ಆರಿತು.

"ಸುಡಗಾಡು ತಂದು!" ಎಂದು ಮೇಜಿಗೆ ಗುದ್ದಿದೆ. "ಇದರ ಮನಿ ಹಾಳಾಗ! ನಾಕ ದಿನದಿಂದ ಟೇಬಲ್ ಫ್ಯಾನ್ ಹಚ್ಚೀನಿ, ಐಸ್ ಇಟ್ಟೀನಿ, ಊದಿನಕಡ್ಡಿನೂ ಬೆಳಗೀನಿ!"

ಜಿಲಾನಿಸಾಬ್ ಕನ್ನಡಕ ಮೂಗಿಗೇರಿಸಿ ಗಾಜಿನ ಹತ್ತಿರ ಬಂದ. "ಇದರಾಗ ನೀರ ಐತೇನು?"

"ಐತ್ರಿ."

"ನೀರ ಇದ್ದರ ನಂಗ ಬಿಡು. ಎಷ್ಟ ದಿನಕ್ಕೊಮ್ಮಿ ಬಿಡ್ತಿ?"

"ಬಿಡಂಗಿಲ್ರಿ ಕಾಕಾ. ಒಳಗಿಂದು ಒಳಗ ತಿರಗತೈತಿ."

"ಹೊರಗ ಹೋಗಂಗಿಲ್ಲ?" ಆತನಿಗೆ ಬಹಳ ಸಂತೋಷವಾಯಿತು. "ಅರೇ, ಮ್ಯಾಗಿನ ಊರವರು ಕದಿಯಂಗನ ಇಲ್ಲ ಹಂಗಾರ!"

ಪೈಪಿನಲ್ಲಿ ಗಾಳಿ ಹಿಡಿದಿರಬೇಕು ಎಂದ. ಹೊಲದ ಪಂಪಿಗೂ ಹಾಗೆ ಆಗುತ್ತದಂತೆ. ನಾವಿಬ್ಬರೂ ಕಂಪ್ಯೂಟರನ್ನು ಎತ್ತಿ ಎಡಕ್ಕೆ ವಾಲಿಸಿದೆವು, ಬಲಕ್ಕೆ ವಾಲಿಸಿದೆವು, ಆತ ಬೆನ್ನಿಗೆ ತಟ್ಟಿದ. ಹಾಲು ಕುಡಿದ ಕೂಸಿಗೆ ತೇಗು ತರಿಸಿದಂತಿತ್ತು. ತೇಗು ಬರಲಿಲ್ಲ. ನನ್ನ ಸೊಂಟ ಮಾತ್ರ ಹಿಡಿದುಕೊಂಡಿತು.

ಮತ್ತೆ ಬಟನ್ ಒತ್ತಿದೆ. ಈ ಸಲ ಗಾಜು ತೆಗೆಸಿ ಆತ ಎರಡೂ ಪೈಪುಗಳನ್ನು ಒಂದೊಂದು ಕೈಯಲ್ಲಿ ಮೆಲ್ಲಗೆ ಹಿಡಿದು ಕಣ್ಣು ಮುಚ್ಚಿದ. ಆರ್ಜೂ ಅಂಕಿ ಓದುತ್ತಲೇ ಇದ್ದಳು. ಎಂಬತ್ತೈದಕ್ಕೆ ಆತ ಕಣ್ಣು ತೆರೆದ.

"ಒಂದು ಸುಡಾಕತ್ತೈತಿ, ಒಂದು ತಣ್ಣಗೈತಿ. ನೀರ ನಿಂತೈತಿ ತಂಗಿ. ಆದ್ರ ಪೂರಾ ನಿಂತಿಲ್ಲ. ಒಂದ ಗುಟುಕು ಹೊಕ್ಕೈತಿ, ನಿಲ್ಲತೈತಿ. ಮತ್ತೊಂದ ಗುಟುಕು ಹೊಕ್ಕೈತಿ, ನಿಲ್ಲತೈತಿ." ನನ್ನ ಮುಖ ನೋಡಿದ. "ಇದಕ್ಕ ಗ್ಯಾಂಗ್‌ಮನ್ ಎಷ್ಟ ಮಂದಿ?"

"ಅಂದ್ರ?"

"ಒಂದ ವರ್ಷ ಸಾಹೇಬ್ರು ಮರ್ತು ನನ್ನ ತೂಬಿಗೆ ಇನ್ನೊಬ್ಬನ್ನೂ ಹಾಕಿಬಿಟ್ರು. ಹಂಪಣ್ಣ ಅಂತ. ಮುಂಜಾನಿ ನಾ ಗೇಟ್ ಎತ್ತಿ ಮನಿಗೆ ಬರ್ತಿದ್ದೆ. ಹಿಂದಿಂದ ಅಂವ ಬಂದು, ಯಾವ ಹುಚ್ಚ ಎತ್ಯಾನ ಅಂತ ಇಳಸತಿದ್ದ. ಸಂಜಿಗೆ ನಾ ಬಂದು, ಯಾವ ಹುಚ್ಚ ಇಳಸ್ಯಾನ ಅಂತ ಎತ್ತತಿದ್ದೆ. ಇಬ್ರೂ ಬರೋಬರಿ ಡ್ಯೂಟಿ ಮಾಡಿದ್ವಿ. ಬಳಗಾನೂರಿನ ಗದ್ದಿ ಮಾತ್ರ ಒಣಗಿತು. ಹನ್ನೆರಡು ದಿನ ಆದಮ್ಯಾಲ ಗೇಟಿನ ಮ್ಯಾಲೆ ಇಬ್ರೂ ಎದುರಾಬದುರಾ ಸಿಕ್ವಿ."

ನಾನು ಥಟ್ಟನೆ ಪರದೆಯತ್ತ ತಿರುಗಿದೆ. ಪರದೆಯ ಕೆಳಗೆ, ಗಡಿಯಾರದ ಪಕ್ಕ, ಎರಡು ಪುಟ್ಟ ಗುರುತುಗಳು ಒಂದರ ಪಕ್ಕ ಒಂದು ಕೂತಿದ್ದವು. ನಾನು ಇಳಿಸಿಕೊಂಡ ಎರಡು ಸಾಫ್ಟ್‌ವೇರುಗಳು. ಕಂಪ್ಯೂಟರು ಶುರುವಾದ ಕೂಡಲೇ ಎರಡೂ ತಾವಾಗಿ ಎದ್ದು ಕೂರುತ್ತಿದ್ದವು. ಒಂದೊಂದೇ ತೆರೆದು ನೋಡಿದೆ. ಒಂದರಲ್ಲಿ ಪಂಪು ನೂರಕ್ಕೆ ನೂರು ಓಡಲಿ ಎಂದು ಹುಕುಂ ಇತ್ತು. ಇನ್ನೊಂದು ಪಂಪನ್ನೂ ಫ್ಯಾನ್ ಎಂದೇ ತಿಳಿದು, ಸಪ್ಪಳ ಕಮ್ಮಿ ಮಾಡಲು ಅದನ್ನು ಸೊನ್ನೆಗೆ ಇಳಿಸುತ್ತಿತ್ತು. ದೀಪಕ್ಕೂ ಅದೇ ಜಗಳ. ಒಂದು ಅರಿಶಿನ ಎನ್ನುತ್ತಿತ್ತು, ಇನ್ನೊಂದು ಕೆಂಪು ಎನ್ನುತ್ತಿತ್ತು. ನಾಲ್ಕು ದಿನದಿಂದ ಅವು ನನ್ನ ಮೂಗಿನ ಕೆಳಗೇ ಹೊಡೆದಾಡುತ್ತಿದ್ದವು, ನಾನು ಊದಿನಕಡ್ಡಿ ಬೆಳಗುತ್ತಿದ್ದೆ!

"ಯಾವನ್ನ ಕಳಸಲಿ ಕಾಕಾ?"

"ಪಂಪಿನ ಜೋಡಿ ಹುಟ್ಟಿದಾಂವ ಯಾಂವ?"

ನಾನು ಎರಡನೆಯದಾಗಿ ಇಳಿಸಿಕೊಂಡದ್ದು ಆ ನೀರಿನ ಪಂಪು ಮಾಡಿದವರದೇ ಸಾಫ್ಟ್‌ವೇರು. ನೂರು ಎಂದು ಹೇಳುತ್ತಿದ್ದದ್ದೂ ಅದೇ.

"ಅಂವ ಇರಲಿ. ಇನ್ನೊಬ್ಬಾಂವಗ ಸಲಾಂ ಹೇಳು."

ಮೊದಲು ಇಳಿಸಿಕೊಂಡದ್ದನ್ನು ಬೇರುಸಹಿತ ಕಿತ್ತು ಹಾಕಿದೆ. "ತೊಂಬತ್ನಾಕು ಅಕ್ಕಾ, ಲಗೂ ಮಾಡ್ರಿ!" ಎಂದು ಆರ್ಜೂ ಕುಣಿಯುತ್ತಿದ್ದಳು. ಆರಿಸಿ, ತಣ್ಣಗಾಗಲು ಬಿಟ್ಟು, ಚಹಾ ಕುಡಿದು, ಮತ್ತೆ ಹಚ್ಚಿದೆವು. ಫ್ಯಾನುಗಳು ಒಮ್ಮೆ ಗುರ್ ಎಂದು ಸುಮ್ಮನಾದವು. ಜಿಲಾನಿಸಾಬ್ ಪೈಪಿನ ಮೇಲೆ ಕೈಯಿಟ್ಟ.

"ನಡೀತು! ನೀರ ನಡೀತು!" ಎಂದು ಕೂಗಿದ. ಆರ್ಜೂ "ನಲವತ್ತಾರು!" ಎಂದು ಕಿರುಚಿದಳು. ಆರೂ ದೀಪಗಳು ಅರಿಶಿನ ಬಣ್ಣದಲ್ಲಿ ಬೆಳಗಿದವು. ಖುಷಿಗೆ ನಾನು ಆ ಗುಲಾಬಿ ಸೂಟ್‌ಕೇಸನ್ನೇ ತಬ್ಬಿಕೊಂಡೆ.

ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಓಡಿಸಿದೆ. ಹಾರದ ಜಾಗ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಪ್ಪ ಮಗಳು ಗಾಜಿನ ಮುಂದೆ ಕೂತು ಪಂಪಿನ ಸಪ್ಪಳವನ್ನೇ ಆಲಿಸುತ್ತಿದ್ದರು. ಅವರ ಬೆನ್ನು ಪರದೆಯ ಕಡೆಗಿತ್ತು. ಅದೇ ಒಳ್ಳೆಯದಾಯಿತು. ಏಕೆಂದರೆ ನನ್ನ ಮುಖ ಆಗ ನೋಡುವಂತಿರಲಿಲ್ಲ.

ವಿಡಿಯೊದಲ್ಲಿ ಜಿಲಾನಿಸಾಬ್ ಹಾರ ಹಿಡಿದು ನಿಂತಿದ್ದಾನೆ. ಕಣ್ಣಿಗೆ ಕನ್ನಡಕವಿಲ್ಲ. ಉಸ್ಮಾನ್‌ಸಾಬ್ ಇಸ್ತ್ರಿ ಮಾಡಿದ ಶೇರ್ವಾನಿಯಲ್ಲಿ ನಗುತ್ತಾ ಮುಂದೆ ಬರುತ್ತಾನೆ. ತಲೆ ಬಗ್ಗಿಸುತ್ತಾನೆ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಒಂದು ದನಿ ಸಿಡಿಯುತ್ತದೆ: "ಏ ಮುದುಕಪ್ಪಾ! ಲೈಟಿಗೆ ಅಡ್ಡ ನಿಂತೀಯಲ್ಲೋ! ಅತ್ಲಾಗ ಸರಿ, ಹಾರ ಆಮ್ಯಾಲ ಹಾಕಿಸ್ಕೊಳ್ಳುವಂತಿ!" ಉಸ್ಮಾನ್‌ಸಾಬನ ನಗು ಆರಿಹೋಗುತ್ತದೆ. ಆತ ಹಿಂದೆ ಸರಿದು ಜನರಲ್ಲಿ ಮರೆಯಾಗುತ್ತಾನೆ. ಅದೇ ಹೊತ್ತಿಗೆ ಶಾಮಿಯಾನದ ದುರುಗೇಶ ತಲೆ ಮೇಲೆ ಕುರ್ಚಿ ಹೊತ್ತು ಬಗ್ಗಿಕೊಂಡು ಅಡ್ಡ ಹಾಯುತ್ತಾನೆ. ಜಿಲಾನಿಸಾಬ್ ಭಕ್ತಿಯಿಂದ ಅವನ ಕೊರಳಿಗೆ ಹಾರ ಹಾಕುತ್ತಾನೆ. ದುರುಗೇಶ ಬೆರಗಾಗಿ, ಕುರ್ಚಿ ಇಳಿಸಿ, ಕೈ ಮುಗಿಯುತ್ತಾನೆ.

ಆ ದನಿ ನನ್ನದು. ಕನ್ನಡಕ ಹೊಳೆಯುತ್ತದೆ, ತೆಗೀರಿ ಎಂದು ಜಿಲಾನಿಸಾಬನಿಗೆ ಗದರಿದವಳೂ ನಾನೇ.

ನನ್ನ ದನಿ ಕತ್ತರಿಸುವುದು ಒಂದು ಗುಂಡಿ ಒತ್ತುವ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ. ದನಿ ತೆಗೆದರೆ ತಪ್ಪು ಪೂರಾ ಜಿಲಾನಿಸಾಬನ ಕಣ್ಣಿನ ಮೇಲೆ ಹೋಗುತ್ತಿತ್ತು, ನಾನು ಅಲ್ಲಿ ಇರಲೇ ಇಲ್ಲ ಎಂದಾಗುತ್ತಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆಗ ಜಿಲಾನಿಸಾಬ್ ತಿರುಗಿ, "ಸಿಕ್ತೇನ್ ತಂಗಿ? ಹಾಕೀನಿ ಹೌದಿಲ್ಲೋ?" ಎಂದು ಮಗುವಿನಂತೆ ಕೇಳಿದ. ಹೆಡ್‌ಫೋನಿನ ವೈರು ಕಿತ್ತು, ದನಿ ಹೊರಗೆ ಬಿಟ್ಟೆ.

"ಏ ಮುದುಕಪ್ಪಾ!" ಎಂದು ಸ್ಟುಡಿಯೊ ತುಂಬ ಗುಡುಗಿತು.

ಮೂವರೂ ಪೂರಾ ನೋಡಿದೆವು. ಆರ್ಜೂ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ದುರುಗೇಶ ಕೈ ಮುಗಿಯುವುದನ್ನು ಇನ್ನೊಮ್ಮೆ ಹಾಕಿಸಿ ಮತ್ತೆ ನಕ್ಕಳು. ಜಿಲಾನಿಸಾಬ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಅಲ್ಲೂ ಇಬ್ರ ಗ್ಯಾಂಗ್‌ಮನ್ ಆದಂಗ ಆತು," ಎಂದ. "ನಾ ಬಾ ಅಂದೆ, ನೀ ಅತ್ಲಾಗ ಸರಿ ಅಂದಿ."

"ತಪ್ಪು ನಂದೈತಿ ಕಾಕಾ. ನಮಾಜ್ ಮುಗಿಸಿ ಬರ್ರಿ. ಲಿಂಗಸುಗೂರಿಗೆ ನಾನೂ ಬರ್ತೀನಿ."

ಗುಲಾಬಿ ಸೂಟ್‌ಕೇಸ್ ಸಮೇತ ಮೂವರೂ ಎರಡರ ಬಸ್ಸು ಹಿಡಿದೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ನಾನೇ ಇಳಿದು ಹೋಗಿ, ಅಂಗಡಿಯಲ್ಲಿದ್ದುದರಲ್ಲೇ ದಪ್ಪನೆಯ ಗುಲಾಬಿ ಹಾರ ತಂದೆ. ಕಂಡಕ್ಟರು ಕೂಗುತ್ತಿದ್ದರೂ ತಿರುಗಿ ಬೈಯಲಿಲ್ಲ. ಬಾಯಿ ಹಿಡಿಯುವ ಅಭ್ಯಾಸ ಅಲ್ಲಿಂದಲೇ ಶುರು ಮಾಡಿದ್ದೆ.

ಉಸ್ಮಾನ್‌ಸಾಬ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಾಗಿಲಲ್ಲಿ ಸಮೀಉಲ್ಲಾ ಕತ್ತು ಚಾಚಿ ನಿಂತಿದ್ದ. ನಾನು ನೇರ ಹೋಗಿ, "ಅವತ್ತ ಒದರಿದಾಕಿ ನಾನ್ರಿ. ಇವರದೇನೂ ತಪ್ಪಿಲ್ಲ. ಹೊಟ್ಯಾಗ ಹಾಕ್ಕೊಳ್ರಿ," ಎಂದೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅತ್ಲಾಗ ಸರಿ ಅಂದಿದ್ದಕ್ಕ ನಂಗ ಸಿಟ್ಟಿಲ್ಲವ್ವ. ಲೈಟಿಗೆ ಅಡ್ಡ ಬಂದ್ರ ಯಾರಾದ್ರೂ ಅಂತಾರ." ಕಪ್ಪು ಬಣ್ಣ ಹಚ್ಚಿದ ಮೀಸೆ ನಡುಗಿತು. "ಮುದುಕ ಅಂದಿ! ಐವತ್ತೊಂದ ನನಗ! ನಾಕ ಮಂದ್ಯಾಗ ಮುದುಕ ಅಂದಿ! ಇದನ್ನ ಬಾಯಿ ಬಿಟ್ಟು ಹ್ಯಾಂಗ ಹೇಳೂದು? ಅದಕ್ಕ ಹಾರ ಹಾಕಲಿಲ್ಲ ಅಂದೆ."

ಯಾರೂ ನಗಲಿಲ್ಲ. ನಗು ತಡೆಯುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು.

"ಹಾರ ಹಾಕ್ರಿ," ಎಂದ ಉಸ್ಮಾನ್‌ಸಾಬ್. "ವಿಡಿಯೋನೂ ಆಗಬೇಕು." ಎದ್ದು ಹೋಗಿ, ಅಂಗಳದಲ್ಲಿ ಅಷ್ಟು ಜಾಗವಿದ್ದರೂ, ಇಳಿಹೊತ್ತಿನ ಸೂರ್ಯನಿಗೆ ಸರಿಯಾಗಿ ಅಡ್ಡ ನಿಂತ. ಕ್ಯಾಮೆರಾದಲ್ಲಿ ಆತನ ಮುಖವೇ ಇಲ್ಲ, ಬರೀ ಕಪ್ಪು. ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಹಲ್ಲು ಕಚ್ಚಿದೆ. ಜಿಲಾನಿಸಾಬ್ ಕನ್ನಡಕ ಸರಿಮಾಡಿಕೊಂಡು, ಎದುರಿನವನ ಮುಖ ಎರಡು ಸಲ ನೋಡಿ, ಹಾರ ಹಾಕಿದ.

"ಲೈಟಿಗೆ ಅಡ್ಡ ಇಲ್ಲಲ್ಲ?" ಎಂದು ಉಸ್ಮಾನ್‌ಸಾಬ್ ನಗುತ್ತಾ ಕೇಳಿದ.

"ಇಲ್ರೀ ಅಣ್ಣಾ, ಭಾಳ ಚಂದ ಬರಾಕತ್ತೈತಿ," ಎಂದೆ. ತಿರುಗಿ ನೋಡಿದರೆ ಆರ್ಜೂ ಇರಲಿಲ್ಲ. ಗುಲಾಬಿ ಸೂಟ್‌ಕೇಸೂ ಇರಲಿಲ್ಲ. ಒಳಗಿನ ಕೋಣೆಯಿಂದ ಅದರ ಜಿಪ್ಪು ಬಿಚ್ಚುವ ಸಪ್ಪಳ ಬರುತ್ತಿತ್ತು.