ಜೋರಮ್ಮ ಮೃದುಭಾಷಿಯಾದ ದಿನ

ಸತ್ತ ಮೇಲೂ ಮನುಷ್ಯರ ಸ್ವಭಾವ ಬದಲಾಗುತ್ತದೆ ಎಂಬುದು ಕನ್ನಡಕದ ಅಂಗಡಿಯವಳಿಗೆ ಗೊತ್ತಾದದ್ದು ಹೆತ್ತ ತಾಯಿಯ ಸಂತಾಪ ಸಭೆಯಲ್ಲಿ.

ಆ ತಾಯಿಯನ್ನು ಬೀದಿಯವರು ಎದುರಿಗೆ ಅಮ್ಮ ಎಂದೂ ಬೆನ್ನ ಹಿಂದೆ ಜೋರಮ್ಮ ಎಂದೂ ಕರೆಯುತ್ತಿದ್ದರು. ಎರಡಕ್ಕೂ ಆಕೆ ಓಗೊಡುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಮಗನನ್ನೂ ಮಗಳನ್ನೂ ಬೆಳೆಸಿದಳು. ಅವರು ಒಂದು ನೆಲೆಗೆ ಬಂದ ಮೇಲೆ ಕೈ ಖಾಲಿಯಾಯಿತೆಂದು ಬೀದಿಯನ್ನು ಬೆಳೆಸಲು ಹೊರಟಳು. ಯಾರ ಮನೆಯಲ್ಲಿ ಜ್ವರ ಬಂದರೂ ಇವಳ ಊಟದ ಡಬ್ಬಿ ತಲುಪುತ್ತಿತ್ತು, ಡಬ್ಬಿಯ ಹಿಂದೆಯೇ ಬೈಗುಳವೂ ತಲುಪುತ್ತಿತ್ತು. ಚಳಿಯಲ್ಲಿ ಬರಿತಲೆಯಲ್ಲಿ ಅಲೆದವರಿಗೆ ಜ್ವರ ಬರದೆ ಬಹುಮಾನ ಬರುತ್ತದೆಯೇ ಎಂದು ಕೇಳಿ, ತಿಂದು ಮುಗಿಸುವವರೆಗೂ ಎದುರಿಗೆ ಕೂತಿರುತ್ತಿದ್ದಳು. ಮೈ ಹುಷಾರಿಲ್ಲದವರು ಅರ್ಧ ಅವಳ ಅಡುಗೆಗೆ, ಅರ್ಧ ಅವಳ ಭಯಕ್ಕೆ ಎದ್ದು ಓಡಾಡುತ್ತಿದ್ದರು.

ಭಕ್ತಿಯೂ ಅದೇ ಧಾಟಿಯದು. ಪ್ರಾರ್ಥನೆಗೆ ಕಣ್ಣು ಮುಚ್ಚಿದಳೆಂದರೆ, ನಿನ್ನೆ ಹೇಳಿದ ಕೆಲಸ ಇನ್ನೂ ಯಾಕೆ ಆಗಿಲ್ಲ ಎಂದು ದೇವರನ್ನು ವಿಚಾರಿಸಿಕೊಳ್ಳುತ್ತಿದ್ದಳು. ದೇವರಿಗೆ ಹೀಗೆಲ್ಲ ಅನ್ನಬಹುದೇ ಎಂದು ಮಗಳೊಮ್ಮೆ ಕೇಳಿದ್ದಳು. ಮಾಡಿಕೊಡುತ್ತಾನೆ ಅಂತ ನಂಬಿಕೆ ಇರುವುದಕ್ಕೇ ಗದರುವುದು, ಇಲ್ಲದಿದ್ದರೆ ಬಾಯಿ ನೋಯಿಸಿಕೊಳ್ಳಲು ನನಗೇನು ಹುಚ್ಚೇ ಎಂದಿದ್ದಳು ಅಮ್ಮ.

ಇಂಥವಳು ತೀರಿಕೊಂಡಾಗ, ಬೀದಿಯವರು ಪ್ರಾರ್ಥನೆಗೆ ಸೇರುವ ಸಮುದಾಯ ಭವನದ ಸಮಿತಿ ಸಂತಾಪ ಸಭೆ ಕರೆಯಿತು. ಸಮಿತಿ ಎಂದರೆ ಅಧ್ಯಕ್ಷರು. ಅವರು ಆ ಕುರ್ಚಿಯಲ್ಲಿ ಎಷ್ಟು ಕಾಲದಿಂದ ಕೂತಿದ್ದರೆಂದರೆ, ಮನೆಯಲ್ಲಿ ಹೆಂಡತಿಯೂ ಅಧ್ಯಕ್ಷರೇ ಊಟಕ್ಕೆ ಏಳಿ ಎನ್ನುತ್ತಿದ್ದಳು. ಕನ್ನಡಕದವಳ ಅಣ್ಣ ಕಾಲೇಜಿನಲ್ಲಿ ಪಾಠ ಮಾಡುವವನು, ಸಭೆ ಎಂದರೆ ಪ್ರಾಣ. ವೇದಿಕೆಯ ಮೇಲಿಡಲು ಅಮ್ಮನ ಫೋಟೊ ದೊಡ್ಡದು ಮಾಡಿಸಿದ. ಸ್ಟುಡಿಯೊದವನು ಅವಳ ಗಂಟಿಕ್ಕಿದ ಹುಬ್ಬನ್ನು ಬಿಡಿಸಿ, ತುಟಿಗೆ ಒಂದು ಮುಗುಳ್ನಗೆಯನ್ನೂ ಅಂಟಿಸಿ ಕೊಟ್ಟಿದ್ದ. ಕನ್ನಡಕದವಳು ಅದನ್ನು ನೋಡಿ, ಇವರು ಯಾರು ಎಂದಳು. ಸಭೆಗೆ ಒಪ್ಪುವ ಹಾಗಿರಬೇಕಲ್ಲ ಎಂದು ಅಣ್ಣ ಮುಖ ಊದಿಸಿಕೊಂಡ.

ಭಾಷಣಗಳು ಶುರುವಾದವು. ಖಜಾಂಚಿ ಅಮ್ಮನ ಸೇವೆಯನ್ನು ನೆನೆಯಲು ಎದ್ದು, ತನ್ನ ಸೇವೆಯನ್ನು ವಿವರವಾಗಿ ನೆನೆದು ಕೂತ. ಮತ್ತೊಬ್ಬರು ಅಮ್ಮನನ್ನು ಅಪ್ಪಟ ಬಂಗಾರ ಎಂದರು, ಜೋರಾಗಿ ಮಾತಾಡಿದ್ದನ್ನೇ ತಾವು ಕೇಳಿಲ್ಲವೆಂದರು. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ತಪ್ಪು ತಿಳಿಯಲಿಲ್ಲ. ಕೊನೆಗೆ ಅಧ್ಯಕ್ಷರು ಕಣ್ಣೊರೆಸಿಕೊಂಡು ಮೈಕು ಹಿಡಿದರು.

“ಆ ತಾಯಿ ಮೃದುಭಾಷಿ. ನನ್ನ ಮಾತಿಗೆ ಒಂದು ದಿನವೂ ಎದುರಾಡಿದವರಲ್ಲ. ಈ ಭವನದಲ್ಲಿ ಹೆಂಗಸರ ಶೌಚಾಲಯ ಎಲ್ಲರಿಗೂ ತೆರೆದದ್ದು ಯಾರು ಅಂದ್ಕೊಂಡಿದ್ದೀರಿ? ನಾವಿಬ್ಬರೂ ಸೇರಿ.”

ಕನ್ನಡಕದವಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಯವರ ಪರವಾಗಿ ವಂದನೆ ಹೇಳಲು ಕರೆದಾಗ, ಅಣ್ಣ ಬರೆದುಕೊಟ್ಟಿದ್ದ ಹಾಳೆಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಎದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಶೌಚಾಲಯಕ್ಕೆ ಸದಾ ಬೀಗ. ದೊಡ್ಡ ಅತಿಥಿಗಳು ಬಂದಾಗ ಮಾತ್ರ ತೆರೆಯುತ್ತಿದ್ದರು, ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿ. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಮುದುಕಿಯೊಬ್ಬಳು ತಡೆದುಕೊಳ್ಳಲಾಗದೆ ಒದ್ದಾಡುತ್ತಿದ್ದಾಗ ಅಮ್ಮ ಬೀಗದ ಕೈ ಕೇಳಿದಳು. ಮುಂದಿನ ಸಭೆಯಲ್ಲಿ ವಿಷಯ ಮಂಡಿಸೋಣ ಎಂದರು ಅಧ್ಯಕ್ಷರು. ಅಮ್ಮ ಮಾತು ಬೆಳೆಸಲಿಲ್ಲ. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಎತ್ತಿ ಬೀಗಕ್ಕೆ ಬಡಿದಳು. ಬೀಗ ಒಡೆಯಿತು, ಸಿಲಿಂಡರು ಬಾಯಿಬಿಟ್ಟು ಬಿಳಿ ಪುಡಿ ಕಾರಿತು. ಪಕ್ಕದಲ್ಲಿ ನಿಂತಿದ್ದ ಅಧ್ಯಕ್ಷರು ಮೈಗೆಲ್ಲ ಸುಣ್ಣ ಬಳಿದವರ ಹಾಗೆ ಬೆಳ್ಳಗಾದರು.

“ಅದಕ್ಕೆ ಒಂದು ವರ್ಷ ಅಮ್ಮನ್ನ ಸದಸ್ಯತ್ವದಿಂದ ತೆಗೆದುಹಾಕಿದ್ರಿ. ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು, ಒಳಗಿನವರ ಪ್ರಾರ್ಥನೆ ಅವರಿಗೇ ಕೇಳಿಸದ ಹಾಗೆ ಪ್ರಾರ್ಥನೆ ಮಾಡ್ತಿದ್ಲು. ನನ್ನಮ್ಮ ಮೃದುಭಾಷಿ ಅಲ್ಲ ಅಧ್ಯಕ್ಷರೇ. ಮೃದುವಾಗಿದ್ದಿದ್ರೆ ಆ ಬಾಗಿಲಿಗೆ ಇವತ್ತೂ ಬೀಗ ಇರ್ತಿತ್ತು.”

ಅಣ್ಣ ನೆಲ ನೋಡುತ್ತಿದ್ದ. ಆಗ ಹಿಂದಿನ ಸಾಲಿನಲ್ಲಿ ಬಾಗಿದ ಬೆನ್ನಿನ ಮುದುಕಿಯೊಬ್ಬಳು ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದಳು.

“ಒದ್ದಾಡಿದವಳು ನಾನೇ ಕಣಮ್ಮ. ನಾನು ಹೊರಗೆ ಬರೋವರೆಗೂ ಬಾಗಿಲ ಹತ್ರ ಕಾವಲು ನಿಂತಿದ್ಲು. ಆಮೇಲೆ, ಅಷ್ಟು ಹೊತ್ತು ಯಾಕೆ ಬಾಯಿ ಮುಚ್ಕೊಂಡಿದ್ದೆ ಅಂತ ನನಗೂ ಬೈದ್ಲು.”

ಮೊದಲು ಯಾರೋ ಕೆಮ್ಮಿದ ಹಾಗಾಯಿತು. ಅದು ಕೆಮ್ಮಲ್ಲ, ನಗು. ಆಮೇಲೆ ಕಟ್ಟೆ ಒಡೆಯಿತು. ಮೈಕು ಕೈಯಿಂದ ಕೈಗೆ ಹೋಯಿತು. ಹಾಲಿನ ಅಂಗಡಿಯವನು ತಾನು ನೀರು ಬೆರೆಸಿದ್ದಕ್ಕೆ ತಿಂದ ಬೈಗುಳವನ್ನು, ನೀರು ಬೆರೆಸಿದ್ದನ್ನು ಒಪ್ಪಿಕೊಂಡಂತಾಯಿತು ಎಂಬುದನ್ನೂ ಮರೆತು ಹೇಳಿದ. ಹೆಂಡತಿಗೆ ಹೊಡೆಯುತ್ತಿದ್ದವನೊಬ್ಬ, ಜೋರಮ್ಮ ನಮ್ಮ ಜಗಲಿಯ ಮೇಲೆ ಹಾಸಿಗೆ ಹಾಸಿ ಮಲಗಿದ್ದು ಜ್ಞಾಪಕವಿದೆ ಎಂದಷ್ಟೇ ಹೇಳಿದ. ಪಕ್ಕದಲ್ಲಿದ್ದ ಹೆಂಡತಿ ಅವನ ಕೈಯಿಂದ ಮೈಕು ತೆಗೆದುಕೊಂಡು, ಅದಾದ ಮೇಲೆ ಇವರು ಕೈ ಎತ್ತಿಲ್ಲ ಎಂದು ಪೂರ್ತಿಗೊಳಿಸಿದಳು. ಬೈಸಿಕೊಳ್ಳದವರು ಸಭೆಯಲ್ಲಿ ಬಡವರಂತೆ ಕಾಣತೊಡಗಿದರು.

ಗಾಳಿ ಬದಲಾದದ್ದನ್ನು ಎಲ್ಲರಿಗಿಂತ ಮೊದಲು ಗ್ರಹಿಸಿದವರು ಅಧ್ಯಕ್ಷರು. ಕುರ್ಚಿ ಉಳಿಸಿಕೊಂಡವರು ಸುಮ್ಮನೆ ಉಳಿಸಿಕೊಂಡಿರುವುದಿಲ್ಲ. ಮೈಕು ಮರಳಿ ಪಡೆದು, ಆ ತಾಯಿ ನನಗೆ ಬೈದಷ್ಟು ಈ ಭವನದಲ್ಲಿ ಇನ್ಯಾರಿಗೂ ಬೈದಿಲ್ಲ ಎಂದು ಎದೆಯುಬ್ಬಿಸಿ ಸಾರಿದರು. ಅದಕ್ಕೆ ಬಿದ್ದ ಚಪ್ಪಾಳೆ ಅವರ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ. ಕನ್ನಡಕದವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮಾತೊಂದು ಮಾತ್ರ ನಿಜವಾಗಿತ್ತು.

ಮನೆಗೆ ನಡೆಯುವಾಗ ಅಣ್ಣ ನಾಲ್ಕು ಹೆಜ್ಜೆ ಮುಂದೆಯೇ ಹೋಗುತ್ತಿದ್ದ. ಮಾನ ಕಳೆದೆ ಎನ್ನುತ್ತಾನೆಂದು ಅವಳು ಉತ್ತರ ಸಿದ್ಧಮಾಡಿಕೊಂಡಳು. ತಿರುವಿನಲ್ಲಿ ಅವನು ನಿಂತ.

“ನನಗೆ ಡಾಕ್ಟರೇಟ್ ಬಂದಾಗ ಅಮ್ಮ ಏನಂದ್ಲು ಗೊತ್ತಾ? ಬಾಗಿಲಿಗೆ ಡಾಕ್ಟರ್ ಅಂತ ಬೋರ್ಡು ಹಾಕ್ಕೋಬೇಡ, ಯಾರಾದ್ರೂ ಹೊಟ್ಟೆನೋವು ಅಂತ ಬಂದ್ರೆ ಏನು ಓದಿ ಹೇಳ್ತೀಯ ಅಂದ್ಲು.”

“ಮತ್ತೆ ಇದನ್ನ ಅಲ್ಲಿ ಯಾಕೆ ಹೇಳಲಿಲ್ಲ?”

“ಅಷ್ಟು ಜನರ ಮುಂದೆ ಹೇಗೆ ಹೇಳೋದು, ಅಳು ಬಂದುಬಿಡ್ತಿತ್ತು” ಎಂದ ಅಣ್ಣ. ಅಷ್ಟು ಹೇಳುವುದರೊಳಗೇ ಅದು ಬಂದೂಬಿಟ್ಟಿತ್ತು. ಅವಳು ಅವನ ಕೈ ಹಿಡಿದುಕೊಂಡು ರಸ್ತೆ ದಾಟಿಸಿದಳು.